ಎಂಟು ಮನೆ ಆಚೆ

ಹೊಳಲ್ಕೆರೆ ರಸ್ತೆ, ಚಿತ್ರದುರ್ಗ.
ಜೆರಾಕ್ಸ್, ಲ್ಯಾಮಿನೇಷನ್, ಬೈಂಡಿಂಗ್,
ಬೋರ್ಡಿನ ಕೊನೆಗೆ ಸಣ್ಣಗೆ: ಎಲ್ಲ ಭಾಷೆಯ ಡಿಟಿಪಿ.
ಆ ‘ಎಲ್ಲ’ ಅನ್ನುವುದು ನಮ್ಮ ಮಾಲೀಕರ ಧೈರ್ಯ.
ನನಗೆ ಬರುವುದು ಎರಡೂವರೆ:
ಕನ್ನಡ, ಇಂಗ್ಲಿಷು,
ಲಗ್ನಪತ್ರಿಕೆಗೆ ಬೇಕಾದಷ್ಟು ತೆಲುಗು.

ಕಿದಾನೆ ಬಂದದ್ದು ಮಧ್ಯಾಹ್ನ, ಕರೆಂಟಿನ ಹಿಂದೆಯೇ.
ಫಾರ್ಮಸಿ ಓದುವವನು, ದೇಶ ಇಥಿಯೋಪಿಯ,
ಬಾಳೆಹಣ್ಣು ಚೌಕಾಸಿ ಮಾಡುವಷ್ಟು ಕನ್ನಡ ಕಲಿತವನು.
ನೂರಾ ಹದಿನೆಂಟು ಪುಟ, ಮೂರು ಪ್ರತಿ,
ಕಪ್ಪು ರಟ್ಟು, ಬಂಗಾರದ ಅಕ್ಷರ.
ಎಲ್ಲ ಸರಿ. ಅರ್ಪಣೆಯ ಪುಟದಲ್ಲಿ ಮಾತ್ರ,
ಅವನ ತಾಯಿಯ ಹೆಸರಿರಬೇಕಾದ ಕಡೆ,
ಮೂರು ಖಾಲಿ ಚೌಕ.

‘ಅಳಿಸಿ ಹೋಯಿತಾ?’ ಅಂದ.
ಅಳಿಸಿಲ್ಲ ಕಣಪ್ಪಾ.
ಯಂತ್ರಕ್ಕೆ ಅಕ್ಷರ ಅಂದರೆ ಆಕಾರ ಅಲ್ಲ, ಮನೆ ನಂಬರು.
ನಂಬರು ಬಂದು ಬಾಗಿಲಲ್ಲಿ ನಿಂತಿದೆ,
ಉಡಿಸಲು ನನ್ನ ಹತ್ತಿರ ಬಟ್ಟೆ ಇಲ್ಲ.

ಫಾಂಟು ಇಳಿಯಲು ಇಪ್ಪತ್ತು ನಿಮಿಷ.
ಅಷ್ಟರಲ್ಲಿ ಕೆಟ್ಟ ಹಾಳೆಯೊಂದರ ಬೆನ್ನಿಗೆ
ತನ್ನ ಕಾಗುಣಿತ ಬರೆದು ತೋರಿಸಿದ.
ಒಂದೊಂದು ಅಕ್ಷರಕ್ಕೂ ಏಳು ಮಕ್ಕಳು,
ಒಬ್ಬನಿಗೆ ಕಾಲು ಉದ್ದ, ಒಬ್ಬಳ ಸೊಂಟಕ್ಕೆ ಕಡ್ಡಿ,
ಇನ್ನೊಂದಕ್ಕೆ ಪಾದದಲ್ಲಿ ಉಂಗುರ.
ತಲಕಟ್ಟಿಲ್ಲ, ಕೊಂಬಿಲ್ಲ,
ಆದರೂ ಒಂದನೇ ಕ್ಲಾಸಿನ ರಾಗ ಅದೇ.

ಚೌಕ ತೆರೆದವು.
ಮೊದಲ ಅಕ್ಷರ ನೋಡಿ ಅವನ ಮುಖ ಸಣ್ಣಗಾಯಿತು.
ಇದು ‘ತ್ಸ’, ಆದರೆ ಅಮ್ಮನ ‘ತ್ಸ’ ಅಲ್ಲ.
ಎರಡಿವೆ: ጸ, ፀ.
(ನಿಮಗಿಲ್ಲಿ ಚೌಕ ಕಂಡರೆ ಕ್ಷಮಿಸಿ,
ಅಕ್ಷರ ಬಂದಿದೆ, ಬಟ್ಟೆ ತಲುಪಿಲ್ಲ.)
ಅವರ ಬಾಯಲ್ಲಿ ಎರಡೂ ಒಂದಾಗಿ ಎಷ್ಟೋ ಕಾಲವಾಯಿತಂತೆ,
ಯಾರೂ ತಪ್ಪು ಹಿಡಿಯುವುದಿಲ್ಲವಂತೆ.
ಆದರೆ ತ್ಸೆಹಾಯ್ ಅಂದರೆ ಸೂರ್ಯ.
ಅಮ್ಮ ಸಹಿ ಹಾಕುವುದು ದುಂಡನೆಯದರಲ್ಲಿ,
ನಡುವೆ ಒಂದು ಅಡ್ಡ ಗೆರೆ,
ಅರ್ಧ ಮುಳುಗಿದ ಹೊತ್ತಿನ ಹಾಗೆ.
ಅವಳಿಗೆ ಬರೆಯಲು ಬರುವುದು ಆ ಮೂರೇ ಅಕ್ಷರ.

ಪಟ್ಟಿ ತೆಗೆದೆ.
ಪುಟದಲ್ಲಿದ್ದದ್ದು ಒಂದು ಮೂರು ಮೂರು ಎಂಟು.
ಅಮ್ಮನದು ಒಂದು ಮೂರು ನಾಲ್ಕು ಸೊನ್ನೆ.
ಅದೇ ಓಣಿ, ಎಂಟು ಮನೆ ಆಚೆ.

ಅಲ್ಲಿಗೆ ಬಿಡಬಹುದಿತ್ತು. ಬೆರಳು ಸುಮ್ಮನಿರದೆ
ನಮ್ಮ ಓಣಿಗೂ ಹೋಗಿ ಬಂತು.
ೞ. ಬಾಯಿಂದ ಯಾವತ್ತೋ ಜಾರಿ ಬಿದ್ದದ್ದು.
ಅದಕ್ಕೂ ಒಂದು ಮನೆ ಕೊಟ್ಟಿದ್ದಾರೆ,
ಬಾಗಿಲ ಮೇಲೆ ಹೆಸರು ಮಾತ್ರ ‘ಫ’ ಅಂತ.
ಒಮ್ಮೆ ಬರೆದ ಹೆಸರು ತಿದ್ದುವಂತಿಲ್ಲ, ಅದು ಅವರ ಕಾಯ್ದೆ.
ಪಕ್ಕದಲ್ಲೊಂದು ಟಿಪ್ಪಣಿ: ಈ ಹೆಸರು ತಪ್ಪು.
ನಾನು ಪಾಲಮ್ಮ. ಕಾರ್ಡಿನಲ್ಲಿ ಬಾಲಮ್ಮ.
ನನ್ನ ಪಕ್ಕದಲ್ಲಿ ಟಿಪ್ಪಣಿಯೂ ಇಲ್ಲ.

ಪ್ರಿಂಟರ್ ಬಿಸಿಯಾಗುವ ತನಕ
ನಮ್ಮೂರ ಕಡೆಯ ಬಂಡೆಯ ಸುದ್ದಿ ಹೇಳಿದೆ.
ಮೊಳಕಾಲ್ಮುರು ತಾಲ್ಲೂಕು, ಬ್ರಹ್ಮಗಿರಿಯ ಬುಡ.
ರಾಜನ ಮಾತೆಲ್ಲ ಬ್ರಾಹ್ಮಿಯಲ್ಲಿ ಮುಗಿಸಿ
ಚಪಡ ಅನ್ನುವವನು ತನ್ನ ಹೆಸರು ಹಾಕಿದ,
ಆಮೇಲೆ ‘ಲಿಪಿಕಾರ’ ಅನ್ನುವ ಒಂದು ಮಾತನ್ನು
ಖರೋಷ್ಠಿಯಲ್ಲಿ ಕೊರೆದ, ಬಲದಿಂದ ಎಡಕ್ಕೆ,
ಎಲ್ಲೋ ವಾಯವ್ಯದ ಅಕ್ಷರದಲ್ಲಿ.
ನನ್ನ ಅಜ್ಜ ಕುರಿ ಬಿಟ್ಟುಕೊಂಡು ಅಲ್ಲೇ ಕೂರುತ್ತಿದ್ದ.
ಅವನಿಗೆ ಅವು ಐದು ಗೀರು.

‘ಯಾರು ಓದಲಿ ಅಂತ ಬರೆದ?’ ಅಂದ ಕಿದಾನೆ.
ನನಗೇನು ಗೊತ್ತು.
ದುಂಡನೆಯ ಸೂರ್ಯ ಮೂರು ಸಲ ಹೊರಬಂತು,
ಮೂರನೆಯದರಲ್ಲಿ ಮಸಿ ಸ್ವಲ್ಪ ಕಮ್ಮಿ.

ದುಡ್ಡು ಕೊಟ್ಟ. ನನ್ನ ಹೆಸರು ಕೇಳಿದ.
ರಶೀದಿ ಪುಸ್ತಕದ ಹಿಂದೆ ತನ್ನ ಲಿಪಿಯಲ್ಲಿ ಬರೆದ,
ಬಾ ಅಲ್ಲ, ಪಾ.
ಆ ಅಕ್ಷರ ಅವರಲ್ಲಿ ಅಪರೂಪವಂತೆ,
ಹೊರಗಿನಿಂದ ಬಂದ ಹೆಸರುಗಳಿಗೆಂದೇ ಇಟ್ಟದ್ದಂತೆ.

ಸಂಜೆ ಲೆಕ್ಕ ನೋಡುತ್ತಾ ಮಾಲೀಕರು ಕೇಳಿದರು:
‘ಇದೇನಮ್ಮ, ಗೀರು?’