ಪಾಟೀಸವಾಲು

ಇಪ್ಪತ್ತಾರು ವರ್ಷ ಧಾರವಾಡ ಕೋರ್ಟಿನೊಳಗ
ಮಂದಿ ಹೇಳಿದ್ದನ್ನ ಬರಕೊಂಡ ಕೈ ನಂದು.
ಖೂನಿ, ಹೊಲದ ಬದು, ಸೋಡಚೀಟಿ, ಚೆಕ್ ಬೌನ್ಸು,
ಎಲ್ಲಾದಕ್ಕೂ ಒಂದ ಪೆನ್ಸಿಲ್ಲು.

ಹೊಸಾ ಟೈಪಿಸ್ಟು ವಿದ್ಯಾಶ್ರೀ ಹೂಗಾರ
ಊಟದ ಡಬ್ಬಿ ಮುಚ್ಚಿಕೋತ ಕೇಳಿದ್ಲು:
"ಅಕ್ಕಾರ, ಬರ್ಗರ್ ತಿಂದೀರಿ?"
ಇಲ್ಲ ಅಂದೆ.
ಜಾಮೀನು ಸಿಗದವನ್ನ ನೋಡಿದಂಗ ನೋಡಿದ್ಲು.

ಅಲ್ಲಿಂದ ಎರಡನೇ ಶನಿವಾರ, ನಾಲ್ಕನೇ ಶನಿವಾರ
ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ.
"ಊರಿಗೇ ಛಲೋದು ಯಾವದು, ಹುಡುಕೇ ಬಿಡೂಣು"
ಅಂದವಳು ಆಕಿ. ವಹಿ ತಗೊಂಡಾಕಿ ನಾನು.
ಚಾಳಿ.

ಒಂದನೇ ಸಾಕ್ಷಿ, ವಿದ್ಯಾನಗರ.
ಕಾಲೇಜು ಹುಡುಗರ ಗದ್ದಲ, ಕಟಗಿ ತಾಟು,
ನಟ್ಟನಡುವ ಚುಚ್ಚಿದ ಕಡ್ಡಿ.
ಹಲ್ಲಿನ ಡಾಕ್ಟರ ಮುಂದೂ
ನಾ ಅಷ್ಟು ಬಾಯಿ ತಗದಾಕಿ ಅಲ್ಲ.
ಸಾಸು ಸೆರಗಿಗೆ ಇಳಿದು ನುಡಿದದ್ದು: ಸಿಹಿ, ಬರೇ ಸಿಹಿ.

ಎರಡನೇದು ಗೋಕುಲ ರೋಡು.
ಫೋಟೋದಾಗಿನ ಎತ್ತರ ಬ್ಯಾರೆ, ತಾಟಿನಾಗಿನ ಎತ್ತರ ಬ್ಯಾರೆ.
ಪ್ರತಿಕೂಲ ಸಾಕ್ಷಿ, ಅಂತ ಬರದೆ.

ಮೂರನೇದು ಕೇಶ್ವಾಪುರದ ಒಂದು ಓಣಿ.
ಕೈಗಾಡಿ ಮ್ಯಾಲೆ ತವಾ ಇಟ್ಟ ಹುಡುಗ
ಬಟಾಟಿ ಟಿಕ್ಕಿಗೆ ಕೆಂಪು ಖಾರ, ಗುರೆಳ್ಳ ಪುಡಿ ಕಲಿಸಿದ್ದ.
ವಿದ್ಯಾಶ್ರೀ ಮೂಗು ಒರಸಿಕೋತ
"ಇದ ಅಕ್ಕಾರ, ಇದ!" ಅಂದ್ಲು.
ನಾ ತಲಿ ಹಾಕಲಿಲ್ಲ.
ತೀರ್ಪು ಕೊಡೋದು ನನ್ನ ಕೆಲಸ ಅಲ್ಲ.

ಏಳು, ಎಂಟು, ಹತ್ತು.
ಮಿರ್ಚಿ ಭಜಿ ಅಂಗಡಿ ಮುಂದ
ಮಾರಿ ಆ ಕಡೆ ಮಾಡಿ ನಡದೆ,
ಹಳೇ ಗಿರಾಕಿ, ಗುರುತು ಹಿಡದಾನು ಅಂತ.

ಹನ್ನೊಂದನೇದು ಕೈಯಾಗಿದ್ದಾಗ ಸಂಶಯ ಬಂತು.
ಅಂಗಡಿ ಹೆಸರು ಬ್ಯಾರೆ, ದರ ಬ್ಯಾರೆ,
ಮ್ಯಾಲಿನ ಎಳ್ಳು ಒಬ್ಬರದು ಹೆಚ್ಚು, ಒಬ್ಬರದು ಕಡಿಮಿ.
ಬನ್ನು?
ಬೆರಳಿಗೆ ಗೊತ್ತಾತು. ಒಂದ ಹದ, ಒಂದ ಮೆತ್ತಗ,
ತಳದಾಗ ಒಂದ ನಮೂನಿ ಕಂದು ಗೆರಿ.
ಒಂದ ಮನಿಯೊಳಗ ಪಾಠ ಹೇಳಿಸಿಕೊಂಡು ಬಂದ ಸಾಕ್ಷಿಗಳು
ತಪ್ಪನ್ನೂ ಒಂದ ನಮೂನಿ ಮಾಡ್ತಾವ.

ಹಳೇ ಹುಬ್ಬಳ್ಳಿ, ಬೆಳಗಿನ ಐದು.
ರಾತ್ರಿ ಆಕಿ ಚಿಗವ್ವನ ಮನ್ಯಾಗ ಉಳದಿದ್ವಿ,
ವಿದ್ಯಾಶ್ರೀ ಆಕಳಿಸಿಕೋತ ನನ್ನ ಹಿಂದ.
ಭಟ್ಟಿ ಬಾಯಿಂದ ಉದ್ದ ಹಲಗಿ ಜಗ್ಗತಿದ್ದ ದಾವಲಸಾಬ,
ಹುಬ್ಬಿನ ಮ್ಯಾಲೂ ಮೈದಾ.
"ಅರ್ಧಾ ಊರಿಗೆ ಈ ಭಟ್ಟಿದ ರೀ.
ಮೊದಲ ಸೈಕಲ್ ಮ್ಯಾಲೆ ಹೋಗ್ತಿತ್ತು, ಈಗ ಟಂಟಂ."
"ಬರ್ಗರ್ ತಿಂದೀರಿ?"
ಕೇಳಿದವಳು ನಾನ.
"ಅದರೊಳಗ ಏನ ಇಡ್ತಾರ ರೀ?"

ಕೇಶ್ವಾಪುರದ್ದೊಂದು ರಾತ್ರಿನ ಕಟ್ಟಿಸಿಕೊಂಡಿದ್ದೆ, ಆರಿತ್ತು.
ಭಟ್ಟಿ ಅಂಚಿಗೆ ಇಟ್ಟು ಬಿಸಿ ಮಾಡಿದ.
ಕೈ ತೊಳಕೊಂಡು ಕುಂತ. ಮೂಸಿದ.
ಬನ್ನು ಎತ್ತಿ ಒಳಗ ಹಣಿಕಿ ಹಾಕಿ ಮತ್ತ ಮುಚ್ಚಿದ.
ಭಾಳ ಹೊತ್ತು ಅಗದ.
ನಡುವ ಯಾವ ವಕೀಲನೂ ಬಾಯಿ ಹಾಕಲಿಲ್ಲ.

"ಖಾರ ಜರಾ ಹೆಚ್ಚಾತು," ಅಂದ.
"ಬನ್ನು ಛಲೋ ಐತಿ.
ನಿನ್ನಿ ಮಧ್ಯಾಹ್ನದ್ದು. ಸಕ್ಕರಿ ಕಡಿಮಿ ಬಿದ್ದಿತ್ತು,
ನಂದ ಕೈ ತಪ್ಪಿದ್ದು."

ಒಂದಕ್ಷರ ಬಿಡದ ಬರಕೊಂಡೆ.
"ಹಂಗಾರ ನಂಬರ್ ಒನ್ ಯಾವದು ಅಕ್ಕಾರ?"
ವಿದ್ಯಾಶ್ರೀ ತೋಳು ಹಿಡದು ಅಲ್ಲಾಡಿಸಿದ್ಲು.
ನಾ ವಹಿ ತಿರುವಿ ಆತಗ ಓದಿ ಹೇಳಿದೆ.
ಕೇಳಿದ, ಹೌದ್ ಹೌದ್ ಅಂದ, ಕಡೀಕ ದನಿ ತಗ್ಗಿಸಿ,
"ಆ ಸಕ್ಕರಿ ಮಾತು ಬಿಡ್ರಿ ಬಾಯಾರ, ಮಾಲಕ ಕೇಳ್ಯಾನು."

ಆ ಸಾಲು ಹೊಡದು ಹಾಕಿದೆ,
ಇಪ್ಪತ್ತಾರು ವರ್ಷದಾಗ ಮೊದಲನೇ ಸಲ.

ಓದಿ ಹೇಳಲಾಗಿ ಸರಿ ಇದೆ.