ರೀಡಿಂಗ್

ಮೂವತ್ತೊಂದು ವರ್ಷ ಊರಿನ ಮನೆಗಳನ್ನೆಲ್ಲ
ಗೇಟಿನಿಂದ ಮೀಟರಿನವರೆಗೆ ಮಾತ್ರ ನೋಡಿದವನು ನಾನು.
ಚಪ್ಪಲಿ ಗೂಡು, ಒಣಗಿದ ತುಳಸಿ, ಕಟ್ಟಿಹಾಕದ ನಾಯಿ,
ಆಮೇಲೆ ಗಾಜಿನ ಹಿಂದೆ ತಿರುಗುವ ಆ ತಟ್ಟೆ.
ಅದರ ಅವಸರ ನೋಡಿಯೇ ಒಳಗಿನ ಸಂಸಾರ ಹೇಳುತ್ತಿದ್ದೆ:
ಇಲ್ಲಿ ಮೂರು ಏಸಿ, ಇಲ್ಲಿ ಹಳೇ ಫ್ರಿಜ್ಜು,
ಇಲ್ಲಿ ಮಗಳ ಮದುವೆ ಮುಗಿದಿದೆ,
ಯೂನಿಟ್ಟು ಅರ್ಧಕ್ಕಿಳಿದಿದೆ.

ಈಗ ಕೊಮ್ಮಘಟ್ಟದ ಆಚೆ ನನ್ನದೂ ಒಂದು ಸೈಟು,
ಮೂವತ್ತು ನಲವತ್ತು, ಪಡುವಣಕ್ಕೆ ರಸ್ತೆ.
ನಕ್ಷೆ ಬರೆಯುವ ಹುಡುಗಿ ನಫೀಸಾ
ಮೊದಲ ದಿನ ಟೇಪು ತರಲಿಲ್ಲ,
ನಡುವೆ ಒಂದು ಕೋಲು ನೆಟ್ಟಳು.
ಅದರ ನೆರಳು ಸರಿದಲ್ಲೆಲ್ಲ ಸುಣ್ಣದ ಗೆರೆ ಎಳೆಯುತ್ತ
ಸಂಜೆಯವರೆಗೆ ಅಲ್ಲೇ ಕೂತಳು.
"ಸರ್, ಐದು ಸ್ಟಾರೂ ತೆಗೆಯೋಣ" ಅಂದಳು,
ಎಸ್ಸೆಸ್ಸೆಲ್ಸಿಯಲ್ಲಿ ರ್‍ಯಾಂಕು ತೆಗೆಯೋಣ ಎಂಬಂತೆ.

ಪಡುವಣದ ಗೋಡೆಗೆ ಇಟ್ಟಿಗೆ ಎರಡು ಪದರ, ನಡುವೆ ಬರೀ ಗಾಳಿ.
(ಗಾಳಿಗೂ ಬಿಲ್ಲು ಹಾಕಲಾ ಅಂತ ಮೇಸ್ತ್ರಿ ಕರಿಬಸವ.)
ತಾರಸಿಗೆ ಒಡೆದ ಬಿಳಿ ಟೈಲು.
ಮೆಟ್ಟಿಲ ನೆತ್ತಿಯಲ್ಲಿ ಬಿಸಿಯುಸಿರು ಹೊರಡಲು ಕಿಂಡಿ.
ತೆಂಕಣದ ಸಜ್ಜಾ ಎಷ್ಟು ಉದ್ದವೆಂದರೆ
ಮಾಗಿಯ ಬಿಸಿಲು ಒಳಗೆ ಬಂದು ಕೂರಬೇಕು,
ಚೈತ್ರದ್ದು ಹೊರಗೇ ನಿಂತು ಮಾತಾಡಿ ಹೋಗಬೇಕು.

ಎಲ್ಲ ಕೇಳಿ ನನ್ನವಳು, ಗೌರಾಂಬೆ, ಒಂದೇ ಮಾತು:
"ರಸ್ತೆ ಕಡೆ ಕಿಟಕಿ ಎಲ್ಲಿ?"
ಸಂಜೆಯ ಬಿಸಿಲೆಲ್ಲ ಆ ಕಡೆಯಿಂದಲೇ ಆಂಟಿ, ಸ್ಕೋರು ಹೋಗುತ್ತೆ.
"ಬೀದಿ ಕಾಣದ ಮನೆಗೆ ಗೋಡೌನು ಅಂತಾರೆ.
ಸೊಪ್ಪಿನವಳು ಬಂದರೆ ನನಗೆ ಗೊತ್ತಾಗೋದು ಹೇಗೆ?"
ಲ್ಯಾಪ್‌ಟಾಪಿನಲ್ಲಿ ಕಿಟಕಿ ಇಟ್ಟು ನೋಡಿದಳು ಹುಡುಗಿ,
ತೆಗೆದು ನೋಡಿದಳು, ಚಿಕ್ಕದು ಮಾಡಿ ಇಟ್ಟಳು.
"ಒಂದು ಸ್ಟಾರ್ ಹೋಯ್ತು ಆಂಟಿ."
"ಹೋಗ್ಲಿ ಬಿಡು, ಈ ಊರಲ್ಲಿ ಹೇಗೂ ಯಾರಿಗೂ ನಕ್ಷತ್ರ ಕಾಣಲ್ಲ."

ಆ ರಾತ್ರಿ ನನಗೆ ಶ್ರೀರಾಮಪುರದ ವಠಾರ ನೆನಪಾಯಿತು.
ಎಂಟು ಮನೆಗೆ ಒಂದು ಮೀಟರು,
ಒಂಬತ್ತೂವರೆಗೆ ಫ್ಯೂಸು ಕೀಳುವ ಮಾಲೀಕ.
ಅಪ್ಪ ಅಡುಗೆಮನೆಯ ಗೋಡೆಗೆ ಉಳಿ ಹೊಡೆದು
ಒಂದು ತೂತು ಮಾಡಿ, ಅದರಲ್ಲಿ
ನಲವತ್ತರ ಬಲ್ಬು ನೇತುಹಾಕಿದ್ದರು.
ಅರ್ಧ ಬೆಳಕು ಅಮ್ಮನ ಮುದ್ದೆ ಕೋಲಿಗೆ,
ಅರ್ಧ ನನ್ನ ಮಗ್ಗಿ ಪುಸ್ತಕಕ್ಕೆ.
ಹಿಟ್ಟು ಬೇಯುವಾಗ ಹಬೆ ಈ ಕಡೆ ಬಂದು
ಹದಿನೇಳರ ಮಗ್ಗಿ ಮಸುಕಾಗುತ್ತಿತ್ತು;
ಇವತ್ತಿಗೂ ನನಗೆ ಹದಿನೇಳೆಂಟ್ಲಿ ಬರುವುದಿಲ್ಲ.
ಆಗ ಅದಕ್ಕೆ ಬೇರೆ ಹೆಸರಿತ್ತು.

ಬೆಳಿಗ್ಗೆ ನಫೀಸಾಗೆ ಹೇಳಿದೆ.
ಪೆನ್ಸಿಲು ಕಿವಿಯ ಮೇಲೇ ಉಳಿಯಿತು.
ರೇಟಿಂಗಿನ ಫಾರಮ್ಮು ಪೂರ್ತಿ ತಿರುವಿದಳು,
ತೂತಿಗೆ ಕಾಲಮ್ಮು ಇಲ್ಲ.
ಆದರೂ ಮೆಟ್ಟಿಲಿಗೂ ಬಚ್ಚಲಿಗೂ ನಡುವೆ
ಒಂದಡಿ ಚೌಕದ್ದೊಂದು ಬರೆದಳು,
ಕೆಳಗೆ ಸಣ್ಣಗೆ: ದೀಪ ಒಂದು.

ಮನೆಯಾಯಿತು. ಕಿಟಕಿಗೆ ಬಿದಿರಿನ ತಟ್ಟಿ;
ಅದನ್ನು ಇಳಿಸಬೇಕಾದ ಹೊತ್ತಿಗೇ
ಗೌರಾಂಬೆ ಎತ್ತಿ ಕೂರುತ್ತಾಳೆ.
ಸ್ಟಾರಿನವರು ಬಂದು ಅಳೆದು ಹೋಗಿದ್ದಾರೆ,
ಫಲಿತಾಂಶ ಇನ್ನೂ ಬಂದಿಲ್ಲ.

ಮೊನ್ನೆ ಏಪ್ರಿಲ್ಲಿನ ನಾಲ್ಕು ಗಂಟೆಯಲ್ಲಿ
ಮೀಟರಿನ ಹುಡುಗ ಬಂದ.
ಬಗ್ಗಿ ನೋಡಿ, ಒತ್ತಿ, ಹೊರಡುವವನಿದ್ದ.
"ಒಳಗೆ ಬಾರಪ್ಪ" ಅಂದೆ.
ಏನೋ ತಕರಾರು ಅಂದುಕೊಂಡ.
ಚಪ್ಪಲಿ ಬಿಡಲೋ ಬೇಡವೋ ಎಂದು
ಹೊಸ್ತಿಲಲ್ಲಿ ಅವನು ತಡೆದ ರೀತಿ ನನಗೆ ಗೊತ್ತು.
ನೀರು ಕುಡಿದ. ಪಡುವಣದ ಗೋಡೆಗೆ ಕೈಯೂರಿದವನು
ಕೈ ತೆಗೆದು, ಮತ್ತೆ ಇಟ್ಟ.
"ತಣ್ಣಗಿದೆ ಸಾರ್."

ಅವನು ಹೋದ ಮೇಲೆ ನೋಡಿದರೆ
ಬಿಲ್ಲು ಟೀಪಾಯಿ ಮೇಲಿತ್ತು.
ಕನ್ನಡಕ ಹುಡುಕಲಿಲ್ಲ.