ಪದಮೂಲ

ದೂಮಪ್ಪ ಸಾಲ್ಯಾನರ ನಿವೃತ್ತಿಗೆ ನಾಲ್ಕು ಮಾತು ಬರೆದುಕೊಡು
ಎಂದರು ಮ್ಯಾನೇಜರ್.
ಬಲ್ಲಾರ್ಡ್ ಎಸ್ಟೇಟಿನ ಆ ಮೂರನೇ ಮಾಳಿಗೆಯಲ್ಲಿ
ಅವರನ್ನು ಬಿಟ್ಟರೆ ಕನ್ನಡದವನು ನಾನೊಬ್ಬನೇ.

ಫೈಲಿನಲ್ಲಿ ಇದ್ದದ್ದು ಇಷ್ಟು:
ಹುದ್ದೆ, ಪ್ಯೂನ್. ಸೇರಿದ್ದು ಎಂಬತ್ತೊಂದರ ಜೂನ್.
ಬಡ್ತಿ ಎಂಬಲ್ಲಿ ಒಂದು ಅಡ್ಡಗೆರೆ.
ಹೋದ ವರ್ಷ ಹೆಡ್ಡಾಫೀಸು ಆ ಶಬ್ದವನ್ನೇ ಹೊಡೆದುಹಾಕಿ
ಸಪೋರ್ಟ್ ಅಸೋಸಿಯೇಟ್ ಎಂದು ತಿದ್ದಿತು,
ಸಂಬಳ ತಿದ್ದಲಿಲ್ಲ.
ಫೋನೆತ್ತಿದರೆ ಅವರು ಈಗಲೂ, "ಪ್ಯೂನ್ ಮಾತಾಡುದು."

ಡಬ್ಬಿ ಖಾಲಿಯಾದ ಮೇಲೆ
ಕಪಾಟಿನ ತಲೆಯಿಂದ ದಪ್ಪ ನಿಘಂಟು ಇಳಿಸಿದೆ.
ಬೆನ್ನು ಕಿತ್ತಿದೆ, ಒಳಗೆ ಹುಳ ಕೊರೆದ ಓಣಿಗಳು.

ಹಡಗಿನಿಂದ ಇಳಿದ ಶಬ್ದವಂತೆ, ಪೋರ್ಚುಗೀಸರದು.
ಈ ಕಿಟಕಿಗೆ ಕಾಣುವ ನೀರಿನ ಆಸುಪಾಸಲ್ಲೇ ಎಲ್ಲೋ
ಇಂಗ್ಲಿಷರು ಹೆಕ್ಕಿಕೊಂಡಿರಬಹುದು.
ಅರ್ಥ: ಕಾಲ್ನಡೆಯವನು. ಕುದುರೆಯಿಲ್ಲದ ಸಿಪಾಯಿ.
ಅದರ ಒಬ್ಬ ತಮ್ಮ ಚದುರಂಗದ ಕಾಲಾಳು,
ಹಿಂದಕ್ಕೆ ಬರಲು ಅಪ್ಪಣೆಯಿಲ್ಲ.
ಇನ್ನೊಬ್ಬ ಮೆಕ್ಸಿಕೋದ ಹೊಲದಲ್ಲಿ ಸಾಲಕ್ಕೆ ಬಿದ್ದ ಜೀತದಾಳು.
ಮತ್ತೊಬ್ಬ, ನೋಡಿ, ಪಯೊನಿಯರ್:
ದಂಡಿಗಿಂತ ಮುಂಚೆ ನಡೆದು ದಾರಿ ಕಡಿದವನು;
ಅವನ ಹೆಸರನ್ನು ಈಗ ಏಸಿ ಕೋಣೆಯವರು ತೊಟ್ಟಿದ್ದಾರೆ.
ಎಲ್ಲರ ಅಜ್ಜ ಲ್ಯಾಟಿನ್ನಿನ ಒಂದು ಪುಟ್ಟ ಶಬ್ದ, ಕಾಲು ಅಂತ ಅರ್ಥ.
ನಮ್ಮ ಪಾದದ ದಾಯಾದಿ.

ಬೆರಳು ಅಲ್ಲೇ ಇಟ್ಟು ಕೂತೆ.
ಕಾಲಿಗೂ ಪದ, ಮಾತಿಗೂ ಪದ,
ರಾಗ ಕೂಡಿದರೆ ಅದೂ ಪದ, ಕುರ್ಚಿ ಏರಿದರೆ ಪದವಿ.
ದೂಮಪ್ಪನವರ ಪಾಲಿಗೆ ಮೊದಲನೆಯದು ಮಾತ್ರ ಬಂತು.

ಆ ಕಾಲು:
ಮಸ್ಜಿದ್ ಬಂದರಿನ ಏಜೆಂಟರ ಕಡಿದಾದ ಮರದ ಮೆಟ್ಟಿಲು,
ಮಳೆಯಲ್ಲಿ ಬನಿಯನ್ನಿನೊಳಗೆ ಹಡಗಿನ ಕಾಗದ,
ಲೋಕಲ್ ನಿಂತ ಪ್ರವಾಹದ ದಿನ
ಸಂಬಳದ ಚೀಲ ತಲೆಯ ಮೇಲಿಟ್ಟು
ಸೊಂಟಮಟ್ಟ ನೀರಲ್ಲಿ ಕುರ್ಲಾ ದಾಟಿದ್ದು.
ಎಡ ಹಿಮ್ಮಡಿಯಲ್ಲಿ ಒಂದು ಆಣಿ.
ಶನಿವಾರ ಶನಿವಾರ ಬ್ಲೇಡಿನಿಂದ ಕೆತ್ತುತ್ತಿದ್ದರು,
ಪೆನ್ಸಿಲು ಚೂಪು ಮಾಡಿದ ಹಾಗೆ.

ಸಮಾರಂಭ ಹನ್ನೊಂದು ನಿಮಿಷ. ಶಾಲು, ಗೋಡೆ ಗಡಿಯಾರ.
ನಾನು ಬರೆದದ್ದು ಉದ್ದವಾಯಿತೆಂದು
ಮ್ಯಾನೇಜರ್ ಮಡಿಚಿ ಕಿಸೆಗಿಟ್ಟರು.
ಸಮೋಸದ ತಟ್ಟೆ ಹಂಚಿದ್ದು ದೂಮಪ್ಪನವರೇ,
ಶಾಲು ಹೆಗಲಿಂದ ಜಾರುತ್ತಿತ್ತು.

ವೀಟಿಯವರೆಗೆ ಜೊತೆಗೆ ನಡೆದೆ. ದಾರಿಯಲ್ಲಿ ಹೇಳಿದೆ,
ಪೋರ್ಚುಗೀಸರು, ಕುದುರೆ, ಕಾಲು, ಎಲ್ಲ.
ಸಿಗ್ನಲ್ ಹಸಿರಾದರೂ ಅವರು ದಾಟಲಿಲ್ಲ.
ಚಪ್ಪಲಿ ನೋಡಿಕೊಂಡರು.
"ಹಾಗಾದ್ರೆ ಆ ಪುಸ್ತಕದವನಿಗೆ ನನ್ನ ಕಾಲಿನ ಸುದ್ದಿ ಉಂಟು ಮಾರಾಯ್ರೇ.
ನಾನು ಎಂತ ಮಾಡಿದ್ದೆ ಗೊತ್ತುಂಟಾ,
ಅದು ಬಾಗಿಲಿನ ಹತ್ತಿರದ ಸ್ಟೂಲಿನ ಹೆಸರು ಅಂತ."

ಡೊಂಬಿವಲಿ ಗಾಡಿಯಲ್ಲಿ, ಅಪರೂಪಕ್ಕೆ, ಕಿಟಕಿ ಸಿಕ್ಕಿತು.
ಗಡಿಯಾರದ ಡಬ್ಬ ತೊಡೆಯ ಮೇಲೆ.
ಚಪ್ಪಲಿ ಕಳಚಿ, ಆಣಿಯ ಕಾಲನ್ನು ಮೆಲ್ಲಗೆ
ಎದುರಿನ ಖಾಲಿ ಸೀಟಿನ ಅಂಚಿಗೆ ಒರಗಿಸಿದರು.
ಪ್ಲಾಟ್‌ಫಾರ್ಮಿನಲ್ಲಿ ನಿಂತು ನಾನು ಕೈ ಎತ್ತುವಷ್ಟರಲ್ಲಿ
ಒಳಗೆ ನುಗ್ಗಿದ ಯಾರೋ ಹುಡುಗ,
"ಕಾಕಾ, ಪಾಯ್."